ನಡಾ ಹಿಡೀತು, ಓಣಿಯೆಲ್ಲಾ ಡಾಕ್ಟರಾತು

ಜ್ವರ ಬಂದ್ರ ಮನ್ಯಾವ್ರಿಗೆ ಗೊತ್ತಾಗ್ತೈತಿ, ನಡಾ ಹಿಡದ್ರ ಓಣಿಗೆಲ್ಲಾ ಗೊತ್ತಾಗ್ತೈತಿ. ಮುಚ್ಚಿಡಾಕ ಬರೂದಿಲ್ಲ ನೋಡ್ರಿ, ನಡಗಿನೇ ಚಾಡಿ ಹೇಳಿಬಿಡ್ತೈತಿ. ನಂದು ಶುರು ಆಗಿದ್ದು ಗ್ಯಾಸ್ ಸಿಲಿಂಡರಿನಿಂದ. ಒಳಗಿನ ಗ್ಯಾಸ್ 14.2 ಕೆಜಿ ಅಂತ ಮ್ಯಾಲೆ ಬರದಿರ್ತಾರ ಖರೆ, ಖಾಲಿ ಡಬ್ಬಿನೂ ಹೆಚ್ಚುಕಡಿಮಿ ಅಷ್ಟ ಭಾರ ಇರ್ತೈತಿ ಅನ್ನೂದು ಎತ್ತಿದಾವಗ ಮಾತ್ರ ಗೊತ್ತು. ಬಗ್ಗಿದೆ, ಎತ್ತಿದೆ, ಬೆನ್ನಿನ ಕೆಳಗ ಚಳಕ್ ಅಂತು, ಅಲ್ಲೇ ಅಡಗಿ ಮನಿ ಕಟ್ಟಿ ಹಿಡಕೊಂಡು ನಿಂತೆ. ಮೊದಲ ನಾನು ಹುಬ್ಬಳ್ಳಿ ದುರ್ಗದ ಬೈಲ್ ಕಡೆ ಅರಿವಿ ಅಂಗಡ್ಯಾಗ ಲೆಕ್ಕಾ ಬರಿಯಾವ, ಇಡೀ ದಿನ ಗಾದಿ ಮ್ಯಾಲೆ ಬಾಗಿ ಕುಂದ್ರೂದ ಕೆಲಸ, ಹಿಂಗಾಗಿ ಬೆನ್ನು ಯಾವಾಗಿನಿಂದಲೋ ಒಂದು ನೆಪ ಹುಡುಕಾಕತ್ತಿತ್ತು ಅಂತ ಕಾಣ್ತೈತಿ.

ಆಮ್ಯಾಲೆ ಬಂತು ನೋಡ್ರಿ ಸಲಹೆದ ಮಳಿ. ಬಾಜೂ ಮನಿ ಕಾಕಾ ಇಟ್ಟಂಗಿ ಕಾಸಿ ಅರಿವ್ಯಾಗ ಸುತ್ತಿ ಶಾಖ ಕೊಡು ಅಂದ್ರು. ಅಂಗಡಿ ಸಾವ್ಕಾರ್ರು ಯಾವದೋ ಊರಾಗ ಎಣ್ಣಿ ತಿಕ್ಕಾವ್ರ ವಿಳಾಸ ಬರಕೊಟ್ರು. ಚಿಗರಿ ಬಸ್ಸಿನ್ಯಾಗ ಉಣಕಲ್ ಸ್ಟಾಪಿನ್ಯಾಗ ಹತ್ತಿದ ಒಬ್ಬಾವ, ಹೆಸರು ಸೈತ ಗೊತ್ತಿಲ್ಲ, ನಾ ಕಂಬ ಹಿಡಕೊಂಡು ನಿಂತ ರೀತಿ ನೋಡೇ "ಎಲ್ ಫೋರ್ ಎಲ್ ಫೈವ್ ಏನ್ರಿ?" ಅಂತ ಕೇಳಿದ, ಜಾತಿ ಕೇಳಿದಂಗ. ನಡದ ನಾಲ್ಕನೇ, ಐದನೇ ಎಲುಬಿನ ನಡುವಿನ ಜಾಗಾಕ್ಕ ಹಂಗಂತಾರ. ನಮ್ಮವ್ವಂದು ಮಾತ್ರ ಒಂದ ಹಟ, ಕಾಲ ಮುಂದಾಗಿ ಹುಟ್ಟಿದವರ ಕಡೆ ಒದಿಸ್ಕೋ ಹೋಕ್ಕೈತಿ ಅಂತ. ಅಂಥಾವ್ರನ್ನ ಎಲ್ಲಿಂದ ತರೂದ್ರಿ, ಆಧಾರ್ ಕಾರ್ಡಿನ್ಯಾಗ ಏನ್ ಬರದಿರ್ತಾರ? ಕಡಿಕೆ ಹಿಂದಿನ ಓಣ್ಯಾಗ ಮೂರನೇತ್ತಾ ಓದೂ ಹುಡಗಿ ಸಿಕ್ಕಳು, ಮೂರ ಸಲ ಮೆಲ್ಲಕ ಕಾಲ ತಾಗಿಸಿ ಒಂದು ಚಾಕಲೇಟ್ ಇಸಗೊಂಡಳು, ನಾಲ್ಕನೇದ್ದಕ್ಕ ಇನ್ನೊಂದು ಬೇಕಂದಳು. ಅಲ್ಲಿಗೆ ಆ ಚಿಕಿತ್ಸಾ ಮುಗೀತು.

ಡಾಕ್ಟ್ರು ಮಾತ್ರ ಅವಸರ ಮಾಡಲಿಲ್ಲ, ಇದು ನನಗ ಸ್ವಲ್ಪ ಅವಮಾನ ಅನಸ್ತು, ಇಷ್ಟು ನೋವ ಐತಿ ಇವರು ಸ್ಕ್ಯಾನ್ ಸೈತ ಬರೀವಲ್ರಲ್ಲ ಅಂತ. ಅವರು ಕೇಳಿದ್ದೇ ಬ್ಯಾರೆ. ಕಾಲಾಗಿನ ಚಪ್ಪಲಿ ಗೊತ್ತಿಲ್ಲದಂಗ ಜಾರ್ತೈತೇನು, ಕುಂದ್ರೂ ಜಾಗಾ ಜೋಮು ಹಿಡದೈತೇನು, ಒಂದಕ್ಕ ಎರಡಕ್ಕ ಹೋಗೂದ್ರಾಗ ತ್ರಾಸೇನು, ಜ್ವರ ಏನು, ತೂಕ ಇಳದೈತೇನು. ಮೊದಲಿನ ಮೂರರಾಗ ಒಂದಕ್ಕ ಹೌದಂದಿದ್ರೂ ಇವತ್ತೇ ಕಳಸ್ತಿದ್ದೆ, ಇಲ್ಲಂದ್ರ ಆರು ವಾರ ನೋಡೂಣು, ಭಾಳ ಮಂದಿದು ತಾನ ಇಳೀತೈತಿ ಅಂದ್ರು. ನಂದು ಇಳೀಲಿಲ್ಲ, ಬದಲಿಗೆ ಎಡಗಾಲಾಗ ಇಳದು ಹೆಬ್ಬಟ್ಟಿನ ತನಕ ಜುಮುಜುಮು ಅನ್ನಾಕತ್ತು. ಆವಾಗ ಎಮ್ಮಾರೈ ಬರದ್ರು, ದೊಡ್ಡ ಅಯಸ್ಕಾಂತದೊಳಗ ಮಲಗಿಸಿ ಮೈಯೊಳಗಿನ ಚಿತ್ರಾ ತಗಿಯೂ ಸ್ಕ್ಯಾನ್.

ಸ್ಕ್ಯಾನ್ ಸೆಂಟರಿನ್ಯಾಗ ಮೊದಲ ಒಂದು ಫಾರ್ಮ್ ತುಂಬಸ್ತಾರ. ಪೇಸ್‌ಮೇಕರ್ ಐತೇನು, ತಲ್ಯಾಗ ಕ್ಲಿಪ್ ಹಾಕ್ಯಾರೇನು, ಕಿವ್ಯಾಗ ಮಷೀನ್ ಕುಂದರ್ಸ್ಯಾರೇನು. ಆಮ್ಯಾಲೆ "ವೆಲ್ಡಿಂಗ್ ಕೆಲಸ ಮಾಡೀರೇನ್ರಿ ಸರ?" ಅಂದ ಹುಡುಗ. ನನಗ ನಗಿ ಬಂತು, ಲೆಕ್ಕಾ ಬರಿಯಾವಗ ಎಲ್ಲಿ ವೆಲ್ಡಿಂಗ್. ಆದ್ರ ಕಾರಣ ಖರೆ ಐತಿ, ವೆಲ್ಡಿಂಗ್, ಗ್ರೈಂಡಿಂಗ್ ಮಾಡಾವ್ರ ಕಣ್ಣಾಗ ಕಬ್ಬಿಣದ ಚೂರು ಹೊಕ್ಕು ಗೊತ್ತಿಲ್ಲದ ಉಳದಿರ್ತೈತಂತ, ಅದನ್ನ ಅಯಸ್ಕಾಂತ ಎಳದ್ರ ಕಣ್ಣಿಗೇ ಕುತ್ತು. ಗೋಕುಲ ರೋಡಿನ ಕಾರ್ಖಾನಿ ಮಂದಿ ಬರೂ ಊರಾಗ ಇದು ಕೇಳಲೇಬೇಕಾದ ಪ್ರಶ್ನೆ. ಕೆಲವು ಮಷೀನಿನ ಅಯಸ್ಕಾಂತದ ಜೋರು 1.5 ಟೆಸ್ಲಾ, ಕೆಲವಂದು 3, ಸಣ್ಣದಂದ್ರೂ ಭೂಮಿದಕ್ಕಿಂತ 30,000 ಪಟ್ಟಿನ ಸುತ್ತಮುತ್ತ ಜೋರು, ಮತ್ತ ಸ್ಕ್ಯಾನ್ ಇಲ್ಲದಾಗೂ ಅದು ಬಂದ್ ಆಗೂದಿಲ್ಲ, ಹಗಲು ರಾತ್ರಿ ಎಚ್ಚರ ಇರ್ತೈತಿ.

ಗಡಿಯಾರ, ಬೆಲ್ಟ್, ಕೀಲಿ, ಎಟಿಎಂ ಕಾರ್ಡ್, ಉಡದಾರ ಎಲ್ಲಾ ತಗದಿಟ್ಟು ಹಿಂದ ದಾರ ಕಟ್ಟೂ ಆಸ್ಪತ್ರಿ ಅಂಗಿ ಹಾಕ್ಕೊಂಡು ಕುಂತೆ. ನನ್ನಕಿಂತ ಮೊದಲ ಗದಗ ಕಡೆ ಅಜ್ಜಾರೊಬ್ರು. ಅವರ ಕೊರಳಾಗ ಬೆಳ್ಳಿ ಲಿಂಗದಕಾಯಿ. ಬೆಳ್ಳಿನ್ನ ಅಯಸ್ಕಾಂತ ಎಳಿಯೂದಿಲ್ಲ, ಆದ್ರ ಅದು ಬಿಸಿ ಆಗಬಹುದು, ಚಿತ್ರಾನೂ ಕೆಡ್ತೈತಿ, ಮೈಮ್ಯಾಲೆ ಏನೂ ಇರಬಾರದು ಅಂತ ಹುಡುಗ ಎಷ್ಟು ನಯವಾಗಿ ಹೇಳಿದ್ರೂ ಅಜ್ಜಾರು ಒಪ್ಪಲಿಲ್ಲ, ದೀಕ್ಷಾ ಆದಾಗಿಂದ ಇಳಿಸಿಲ್ಲ ಅಂದ್ರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮ್ಯಾಲೆ ಅಜ್ಜಾರೇ ಮಗನ್ನ ಕರದು, ಕೈ ತೊಳಕೊಂಡ ಬಾ ಅಂದು, ಬಿಚ್ಚಿ ಅವನ ಅಂಗೈಯಾಗಿಟ್ಟು "ನಾ ಬರೂಮಟ ಕೆಳಗ ಇಡಬ್ಯಾಡ" ಅಂದು ಒಳಗ ಹೋದ್ರು. ಆ ಮಗ, ಐವತ್ತರ ಮ್ಯಾಲಿನಾಂವ, ಎರಡೂ ಕೈ ಬಟ್ಟಲ ಮಾಡಿಕೊಂಡು ಖುರ್ಚಿ ತುದೀಗೆ ಅರ್ಧ ತಾಸು ಕುಂತ. ಕಿಸೇದಾಗ ಫೋನ್ ಹೊಡಕೋತಿತ್ತು, ನಿಲ್ತಿತ್ತು, ಮತ್ತ ಹೊಡಕೋತಿತ್ತು. ಎತ್ತಲಿಲ್ಲ. ಸೊಳ್ಳಿ ಕಡದ್ರೂ ಕೈ ಬಿಡಲಿಲ್ಲ. ಒಳಗ ಅಪ್ಪ ಅಳ್ಳಾಡಲಿಲ್ಲ, ಹೊರಗ ಮಗ.

ನನ್ನ ಪಾಳಿ ಬಂತು. ತಂಪಂದ್ರ ತಂಪು ಖೋಲಿ. ಹಲಗಿ ಮ್ಯಾಲೆ ಮಕ್ಕೊಂಡೆ, ಮೊಣಕಾಲ ಕೆಳಗ ದಿಂಬು ಇಟ್ರು, ಕಿವಿಗೆ ಹೆಡ್‌ಫೋನ್, ಕೈಯಾಗ ಒಂದು ರಬ್ಬರ್ ಗುಂಡು, ತ್ರಾಸಾದ್ರ ಹಿಚಕ್ರಿ ಅಂದ್ರು. "ಇಪ್ಪತ್ತೈದು ನಿಮಿಷ ಸರ, ಅಳ್ಳಾಡಿದ್ರ ಮತ್ತ ಮೊದಲಿಂದ." ಎಕ್ಸ್‌ರೇ ಕಿರಣ ಇದರಾಗಿಲ್ಲ, ಸೂಜಿನೂ ಇಲ್ಲ, ನಂಜು, ಗಡ್ಡಿ, ಮೊದಲಿನ ಆಪರೇಷನ್ ಹಿಂಗೇನರ ಸಂಶಯ ಇದ್ರ ಮಾತ್ರ ಔಷಧ ಚುಚ್ತಾರ. ಹಲಗಿ ಸರೀತು. ಕಾಲ ಮೊದಲ ಒಳಗ ಹೋದುವು, ಆವಾಗ ಅವ್ವ ನೆನಪಾದ್ಲು. ಕೊಳವಿ ಅಗಲ ಎರಡು ಫುಟ್ ಅಂದಾಜು, ನನಗ ಕುತಗಿ ತನಕ ಒಳಗ, ತಲಿ ಬಾಗಲದಾಗ, ಆದ್ರೂ ಕಣ್ಣು ಮುಚ್ಚಿಕೊಂಡೆ, ಒಮ್ಮೆ ತಗದು ನೋಡಿದ್ರ ಮನಸ್ಸು ಗಾಬರಿ ಆಗ್ತೈತಿ ಅಂತ ಗೊತ್ತಿತ್ತು.

ಮೊದಲ ಸಣ್ಣಗ ಚಿಂವ್ ಚಿಂವ್. ಅದು ತಂಪು ಮಾಡೂ ಪಂಪಿಂದಂತ, ಒಳಗ ಹೀಲಿಯಂ ಮೈನಸ್ 269 ಡಿಗ್ರಿದಾಗ ಇರ್ತೈತಿ. ಆಮ್ಯಾಲೆ ಶುರು ಆತು ನೋಡ್ರಿ, ಗದಗಿನ್ಯಾಗ ನಮ್ಮ ಮಾವನವರ ಮನಿ ಹಿಂದ ಹಳೇ ಪ್ರಿಂಟಿಂಗ್ ಪ್ರೆಸ್ಸೊಂದಿತ್ತು, ಅದರಂಗ ಖಟಕ್ ಖಟಕ್. ಅದು ನಿಂತು ಡ್ರಿಲ್ ಮಷೀನು, ಅದು ನಿಂತು ಹೋಳಿ ಹುಣ್ಣಿವಿ ಜಗ್ಗಲಗಿ. ಒಳಗಿನ ಸುರುಳಿಗೆ ಕರೆಂಟ್ ಗಳಿಗೆಗೊಮ್ಮೆ ಹಾಕೂದು ತಗಿಯೂದು ಮಾಡ್ತಾರ, ಅಯಸ್ಕಾಂತದ ನಡುವ ಸುರುಳಿ ಧಡಧಡ ನಡಗ್ತೈತಿ, ಅದ ಈ ಗದ್ದಲ. ಗದ್ದಲ ನಡದಾಗ ನಮ್ಮ ಮೈಯಾಗಿನ ನೀರು ರೇಡಿಯೋ ಅಲಿಗೆ ಉತ್ತರ ಕೊಡ್ತೈತಂತ, ಅದನ್ನ ಕೇಳಿಸಿಕೊಂಡು ಕಂಪ್ಯೂಟರ್ ಚಿತ್ರಾ ಬರೀತೈತಿ. ಮೂಗಿನ ತುದಿ ತುರಸಾಕತ್ತು. ತುರಸೂದು ಅಂದ್ರ ಏನು ಅಂತ ನನಗ ಗೊತ್ತಾಗಿದ್ದೇ ಅವತ್ತು. ಆದ್ರ ಹತ್ತು ನಿಮಿಷ ಆದಮ್ಯಾಲೆ ಒಂದು ಮಾತು ಹೊಳೀತು: ಎರಡು ತಿಂಗಳಾಗಿತ್ತು ನಡಾ ಹಿಡದು, ಯಾರೂ ಸಲಹೆ ಕೊಡದ ಮೊದಲನೇ ಗಳಿಗಿ ಇದು. ಇಟ್ಟಂಗಿ ಇಲ್ಲ, ಎಣ್ಣಿ ಇಲ್ಲ. ಕೇಳಿದ್ರೂ ಕೇಳೂದಿಲ್ಲ. ಖರೆ ಹೇಳ್ತೀನಿ, ನನಗ ಅಲ್ಲೇ ನಿದ್ದಿ ಹತ್ತು.

ನನ್ನ ಮಗ ಮುಂದ ಮೊಬೈಲ್ ನೋಡಿ ಹೇಳಿದ, 1977ರ ಜುಲೈ 3ಕ್ಕ ಮನಿಷ್ಯಾನ ಮೈ ಮೊದಲನೇ ಸಲ ಹಿಂಗ ಸ್ಕ್ಯಾನ್ ಮಾಡಿದ್ದಂತ, ನ್ಯೂಯಾರ್ಕಿನ್ಯಾಗ, ಸುಮಾರು ಐದು ತಾಸು ಹಿಡೀತಂತ. ಡಮೇಡಿಯನ್ ಅನ್ನೂ ಡಾಕ್ಟ್ರು ತಾವು ಕಟ್ಟಿದ ಮಷೀನಿನ್ಯಾಗ ತಾವ ಮೊದಲ ಕುಂತ್ರು, ಮೈ ದಪ್ಪ, ಸಿಗ್ನಲ್ಲೇ ಬರಲಿಲ್ಲ, ಕಡಿಕೆ ತೆಳ್ಳಗಿನ ಶಿಷ್ಯನ್ನ ಕುಂದರಿಸಿದ್ರು. 2003ರಾಗ ಎಮ್ಮಾರೈ ಸಲುವಾಗಿ ನೋಬೆಲ್ ಬಂದಿದ್ದು ಲಾಟರ್ಬರ್ ಮತ್ತ ಮ್ಯಾನ್ಸ್‌ಫೀಲ್ಡ್ ಅನ್ನಾವ್ರಿಗೆ, ಡಮೇಡಿಯನ್ ಸಿಟ್ಟಾಗಿ ಪೇಪರಿನ್ಯಾಗ ಪುಟಗಟ್ಟಲೆ ಜಾಹೀರಾತು ಹಾಕಿಸಿದ್ರು. ನಮ್ಮ ಕಡೆ ಹೊಲದ ಜಗಳ ಇದರ ಮುಂದ ಏನೂ ಅಲ್ಲ.

ರಿಪೋರ್ಟ್ ಓದಿದ್ರ ಜೀವಾನೇ ಹೋಗ್ತೈತಿ. ಡೆಸಿಕೇಶನ್, ಡಿಫ್ಯೂಸ್ ಬಲ್ಜ್, ಎಲ್ ಫೋರ್ ಎಲ್ ಫೈವ್. ಬಸ್ಸಿನ್ಯಾಗಿನ ಆ ಪುಣ್ಯಾತ್ಮ ಖರೆ ಹೇಳಿದ್ದ! ಡಾಕ್ಟ್ರು ನಕ್ಕೋತ, ಡಿಸ್ಕ್ ಅಂದ್ರ ಎರಡು ಎಲುಬಿನ ನಡುವಿನ ಕಡಬು ತಿಳ್ಕೋರಿ, ಒಳಗಿನ ಹೂರಣ ಕಣಕದ ಮ್ಯಾಲೆ ಒತ್ತೈತಿ, ನೀರು ಇಂಗಿದ್ದು ಕರ್ರಗ ಕಾಣ್ತೈತಿ, ವಯಸ್ಸಾದಂಗ ಎಲ್ಲಾರದೂ ಇಂಗ್ತೈತಿ ಅಂದ್ರು. 1994ರಾಗ ಅಮೆರಿಕಾದಾವ್ರು ಬೆನ್ನುನೋವೇ ಇಲ್ಲದ 98 ಮಂದಿ ಸ್ಕ್ಯಾನ್ ನೋಡಿ ಬರದಿದ್ರಂತ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದರ ಡಿಸ್ಕ್ ಉಬ್ಬಿತ್ತು. ಅದಕ್ಕ ಫೋಟೋ ನೋಡಿ ಅಂಜಬ್ಯಾಡ್ರಿ, ಕಾಲಿನ ಜೋಮಿಗೂ ಇದಕ್ಕೂ ತಾಳಿ ಬೀಳ್ತೈತಿ, ಆಪರೇಷನ್ ಬ್ಯಾಡ, ಗುಳಿಗಿ ತಗೋರಿ, ಹಾಸಿಗಿ ಹಿಡೀಬ್ಯಾಡ್ರಿ, ದಿನಾ ಅಡ್ಡಾಡ್ರಿ, ಫಿಜಿಯೋ ಮಾಡಸ್ರಿ. ಈಗ ಸಂಜಿಗೆ ತೋಳನಕೆರಿ ಸುತ್ತ ಎರಡು ಸುತ್ತು.

ಮನಿಗೆ ಫಿಲ್ಮ್ ತಂದ ದಿನ ಬಾಜೂ ಮನಿ ಕಾಕಾ ಬಂದು ಟ್ಯೂಬ್‌ಲೈಟಿಗೆ ಹಿಡದು ನೋಡಿದ್ರು, ತಲಿಕೆಳಗ. ನಾನು ಹೇಳಲಿಲ್ಲ. ಆಮ್ಯಾಲೆ ಓಡಿ ಹೋಗಿ ತಮ್ಮ ಗಾದಿ ಕೆಳಗಿಂದ ತಮ್ಮದೊಂದು ಹಳೇ ಫಿಲ್ಮ್ ತಂದು "ನಂದೂ ಎಲ್ ಫೋರ್ ಎಲ್ ಫೈವ್ ಐತಲೇ!" ಅಂದ್ರು, ಬೀಗರು ಸಿಕ್ಕಷ್ಟು ಖುಷಿ. ಅಷ್ಟೊತ್ತಿಗೆ ಅವ್ವ ಒಳಗಿಂದ "ಒಳಗ ಹೆಂಗ ಹಾಕಿದ್ರೋ?" ಅಂತ ಕೇಳಿದ್ಲು. ಕಾಲ ಮುಂದಾಗಿ ಅಂದೆ. ಕಾಕಾ ಫಿಲ್ಮ್ ಕೆಳಗಿಟ್ಟು ನನಗ ಬೆನ್ನು ತಿರುವಿ ನಿಂತು "ಹಂಗಾರ ಒಂದು ಒದ್ದ ನೋಡಲಾ" ಅಂದ್ರು.

"ಕಾಕಾ, ಹೊರಗ ಬರೂಮುಂದ ತಲೀನ ಮೊದಲ ಬಂದೈತಿ."

ಅವರು ಹಂಗ ಬೆನ್ನು ತಿರುವಿಕೊಂಡೇ ಸ್ವಲ್ಪ ಹೊತ್ತು ವಿಚಾರ ಮಾಡಿದ್ರು. "ಹೌದಲ್ಲ, ಹಂಗಾರ ನಡಿಯೂದಿಲ್ಲ ಬಿಡು" ಅಂದು, ಫಿಲ್ಮ್ ಎತ್ತಿ ಮತ್ತ ಟ್ಯೂಬ್‌ಲೈಟಿಗೆ ಹಿಡದ್ರು.