ಸ್ಟ್ರಾ ಹಾಕಿ ಕುಡಿಯುವವರಿದ್ದಾರೆ, ಎಚ್ಚರಿಕೆ!

2023ರ ಮೇ ತಿಂಗಳಲ್ಲಿ ಮುಂಬೈನ ಚೆಂಬೂರಿನಲ್ಲಿ ಒಬ್ಬ ಗೂಢಚಾರ ಸಿಕ್ಕಿಬಿದ್ದ. ಬಂದರಿನ ಕಡೆ ಸುಳಿದಾಡುತ್ತಿದ್ದನಂತೆ. ಕಾಲಿಗೆ ಎರಡು ಉಂಗುರ, ರೆಕ್ಕೆಯ ಮೇಲೆ ಚೀನೀ ಲಿಪಿಯಂಥ ಬರಹ. ಹೌದು, ರೆಕ್ಕೆಯೇ. ಆಸಾಮಿ ಒಂದು ಪಾರಿವಾಳ.

ಪೊಲೀಸರು ಹಿಡಿದು ಪ್ರಾಣಿಗಳ ಆಸ್ಪತ್ರೆಗೆ ಒಪ್ಪಿಸಿದರು. ತನಿಖೆ ನಡೆಯಿತು. ಬೆಟ್ಟ ಅಗೆದರೆ ಇಲಿಯಾದರೂ ಸಿಗಬೇಕಿತ್ತು, ಇಲ್ಲಿ ಸಿಕ್ಕಿದ್ದು ದಾರಿ ತಪ್ಪಿ ಬಂದ ತೈವಾನಿನ ರೇಸ್ ಹಕ್ಕಿ. ಎಂಟು ತಿಂಗಳಾದ ಮೇಲೆ, 2024ರ ಜನವರಿ ಕೊನೆಗೆ, ಅದನ್ನು ಹಾರಲು ಬಿಟ್ಟರು.

ಊರೆಲ್ಲ ನಕ್ಕಿತು. ನನಗೆ ಮಾತ್ರ ಆ ಹಕ್ಕಿಯ ಅದೃಷ್ಟ ಕಂಡು ಹೊಟ್ಟೆಕಿಚ್ಚಾಯಿತು. ಅದರ ಮೇಲೆ ಯಾರೂ ಯುಎಪಿಎ, ಅಂದರೆ ಭಯೋತ್ಪಾದನೆ ತಡೆಯಲು ಬಳಸುವ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಹಾಕಿರಲಿಲ್ಲ ನೋಡಿ. ಹಾಕಿದ್ದರೆ ಆರೋಪಪಟ್ಟಿ ಸಲ್ಲಿಸುವುದಕ್ಕೇ 180 ದಿನ ತಗೊಳ್ಳಬಹುದಿತ್ತು. ಆಮೇಲೆ ಜಾಮೀನಿನ ಮಾತು. ಅಲ್ಲಿ 43ಡಿ(5) ಅನ್ನುವ ಕಲಂ ಬಾಗಿಲಲ್ಲೇ ಕೂತಿರುತ್ತದೆ. ಪೊಲೀಸರ ಕಾಗದ ಓದಿ ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಸಾಕು, ಜಾಮೀನಿಲ್ಲ. ಆ ಹಂತದಲ್ಲಿ ಸಾಕ್ಷ್ಯವನ್ನು ಅಳೆದು ತೂಗಲು ಹೋಗಬಾರದು ಅಂತ 2019ರ ವತಾಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ‘ನಾನು ತೈವಾನಿನವನು ಸ್ವಾಮೀ, ರೇಸಿಗೆ ಹೊರಟಿದ್ದೆ’ ಅಂತ ಪಾರಿವಾಳ ಗುಟುರು ಹಾಕಿದರೆ, ‘ಅದನ್ನೆಲ್ಲ ವಿಚಾರಣೆ ಶುರುವಾದಾಗ ಹೇಳಪ್ಪ’ ಅನ್ನುತ್ತಿದ್ದರು. ವಿಚಾರಣೆ ಯಾವಾಗ ಶುರುವಾಗುತ್ತದೆ ಅಂತ ಕೇಳಬೇಡಿ. ಪಾರಿವಾಳಕ್ಕೆ ಆಯುಷ್ಯ ಕಡಿಮೆ.

ವಿಚಾರಣೆ ತೀರಾ ತಡವಾದರೆ ಜಾಮೀನು ಕೊಡಬಹುದು ಅಂತ ಅದೇ ಕೋರ್ಟ್ 2021ರಲ್ಲಿ ಹೇಳಿದ್ದೂ ಇದೆ. ತೀರಾ ತಡ ಅಂದರೆ ಎಷ್ಟು ವರ್ಷ ಅನ್ನುವುದು ಅವರವರ ಹಣೆಬರಹ.

ಫಾದರ್ ಸ್ಟ್ಯಾನ್ ಸ್ವಾಮಿ ಅವರ ಹಣೆಬರಹ ಅಷ್ಟು ಚೆನ್ನಾಗಿರಲಿಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದವರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಕೆಲಸ ಮಾಡಿದರು. 2020ರ ಅಕ್ಟೋಬರ್ 8ರಂದು ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಅವರನ್ನು ಇದೇ ಯುಎಪಿಎ ಅಡಿ ರಾಂಚಿಯಲ್ಲಿ ಬಂಧಿಸಿತು. ಪುಣೆ ಬಳಿ 2018ರಲ್ಲಿ ನಡೆದ ಗಲಭೆಯ ಹಿಂದೆ ಮಾವೋವಾದಿಗಳ ಸಂಚಿದೆ ಅನ್ನುವ ಭೀಮಾ ಕೋರೆಗಾಂವ್ ಪ್ರಕರಣ. ವಯಸ್ಸು 83. ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತಿತ್ತು, ಲೋಟ ಎತ್ತಿ ನೀರು ಕುಡಿಯಲು ಆಗುತ್ತಿರಲಿಲ್ಲ. ಅದಕ್ಕೆ ನವೆಂಬರ್ 6ರಂದು ಕೋರ್ಟಿಗೆ ಅರ್ಜಿ ಹಾಕಿದರು: ನನ್ನ ಸ್ಟ್ರಾ ಮತ್ತು ಸಿಪ್ಪರ್ ಕೊಡಿಸಿ.

ನಮ್ಮ ಬೀದಿಯ ಎಳನೀರಿನವನು ಕೇಳದೆಯೇ ಚುಚ್ಚಿಕೊಡುವ ವಸ್ತು ಇದು. ಆದರೆ ದೇಶದ ಭದ್ರತೆ ಎಳನೀರಿನಷ್ಟು ಸಲೀಸಲ್ಲ. ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನ ಕೇಳಿತು. ಇಪ್ಪತ್ತು ದಿನ! ಸ್ಟ್ರಾದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತನಿಖೆ ಮಾಡಬೇಕಲ್ವಾ? ನಡುವೆ ಸುರಂಗ ಬೇರೆ ಇದೆ. ನವೆಂಬರ್ 26ಕ್ಕೆ ಉತ್ತರ ಬಂತು: ‘ನಾವು ಸ್ಟ್ರಾ, ಸಿಪ್ಪರ್ ವಶಪಡಿಸಿಕೊಂಡೇ ಇಲ್ಲ.’ ಇರಬಹುದು, ನಂಬೋಣ. ‘ಇಲ್ಲ’ ಅನ್ನಲು ಇಪ್ಪತ್ತು ದಿನ ಬೇಕಾಯಿತು, ‘ಹೋಗಲಿ, ತಗೊಳ್ಳಿ ತಾತ’ ಅನ್ನಲು ಯಾವ ಸೆಕ್ಷನ್ನಿನಲ್ಲೂ ಅವಕಾಶ ಇರಲಿಲ್ಲ. ಅಷ್ಟರಲ್ಲಿ ದೇಶದ ಮೂಲೆಮೂಲೆಯಿಂದ ಜನ ಆನ್‌ಲೈನಿನಲ್ಲಿ ಸಿಪ್ಪರ್ ಖರೀದಿಸಿ, ಅವರನ್ನು ಇಟ್ಟಿದ್ದ ಮುಂಬೈ ಬಳಿಯ ತಲೋಜಾ ಜೈಲಿನ ವಿಳಾಸಕ್ಕೆ ಕಳಿಸತೊಡಗಿದರು. ಸಂವಿಧಾನ ದಿನವೂ ನವೆಂಬರ್ 26ರಂದೇ ಬರುತ್ತದೆ, ಸುಮ್ನೆ ನೆನಪಿಸಿದೆ.

2021ರ ಜುಲೈ 5ರಂದು ಅವರು ತೀರಿಕೊಂಡರು. ವಿಚಾರಣೆ ಶುರುವೇ ಆಗಿರಲಿಲ್ಲ.

‘ಹಾಗಾದರೆ ಭಯೋತ್ಪಾದಕರನ್ನು ಮುದ್ದು ಮಾಡಬೇಕಾ?’ ಅಂತ ಯಾರೋ ಎದ್ದು ನಿಲ್ಲುವುದು ಕಾಣಿಸುತ್ತಿದೆ. ಕೂತ್ಕೊಳ್ಳಿ ಸ್ವಾಮಿ. ಜಾಮೀನಿನ ಈ ಬಿಗಿ ಕಲಂ ಬಂದದ್ದೇ 2008ರ ಮುಂಬೈ ದಾಳಿಯ ಮರುತಿಂಗಳು. ಆ ದಾಳಿಯಲ್ಲಿ ಜೀವಂತ ಸಿಕ್ಕಿದ ಕಸಬ್‌ಗೆ ಏನು ಮಾಡಿದೆವು? ವಕೀಲರನ್ನು ಕೊಟ್ಟೆವು, ಸಾಕ್ಷಿಗಳನ್ನು ಕರೆಸಿದೆವು. 2010ರ ಮೇ ತಿಂಗಳಲ್ಲಿ ತೀರ್ಪು ಬಂತು. ಬಂದೂಕು ಹಿಡಿದು ಬಂದವನ ವಿಚಾರಣೆ ಒಂದೂವರೆ ವರ್ಷದೊಳಗೆ ಮುಗಿಯಿತು. ಸ್ಟ್ರಾ ಕೇಳಿದವರದ್ದು ಶುರುವೂ ಆಗಲಿಲ್ಲ. ಪುರಾವೆ ಗಟ್ಟಿ ಇದ್ದರೆ ಯಾರೂ ಮುಂದಿನ ತಾರೀಖು ಕೇಳುತ್ತಾ ಕೂರುವುದಿಲ್ಲ ಅನ್ನುವುದು ನನ್ನ ಗುಮಾನಿ.

ತಲೋಜಾದಲ್ಲಿ ಅದೇ ಪ್ರಕರಣದ ಇನ್ನೊಬ್ಬ ಆರೋಪಿ, ಪತ್ರಕರ್ತ ಗೌತಮ್ ನವಲಖಾ ಅವರೂ ಇದ್ದರು. ಅವರ ಕನ್ನಡಕ ಜೈಲಿನಲ್ಲಿ ಕಳುವಾಯಿತು. ಮನೆಯವರು ಹೊಸದನ್ನು ಅಂಚೆಯಲ್ಲಿ ಕಳಿಸಿದರೆ ಜೈಲಿನವರು ತಗೊಳ್ಳಲಿಲ್ಲ. ಜೈಲು ಅಧಿಕಾರಿಗಳಿಗೆ ಒಂದು ಕಾರ್ಯಾಗಾರ ಮಾಡಬೇಕಾಗಿದೆ ಅಂತ ಬಾಂಬೆ ಹೈಕೋರ್ಟ್ ಗೊಣಗಿತು. ಆಮೇಲೆ ಒಂದು ಪುಸ್ತಕದ ಪಾರ್ಸೆಲ್ ಬಂತು, ಅದೂ ವಾಪಸ್. ಕಾರಣ: ಭದ್ರತೆಗೆ ಅಪಾಯ. ಪುಸ್ತಕ ಯಾವುದು ಅಂದರೆ ಇಂಗ್ಲೆಂಡಿನ ಹಳೇ ಕಾಲದ ಹಾಸ್ಯ ಪುಸ್ತಕ. 2022ರಲ್ಲಿ ಹೈಕೋರ್ಟ್ ಇದನ್ನು ಕೇಳಿ, ಇದೇ ದೊಡ್ಡ ತಮಾಷೆ ಅಂದಿತು. ನಾನು ಜೈಲಿನವರ ಪಕ್ಷ. ಒಳಗಿರುವವನು ನಕ್ಕುಬಿಟ್ಟರೆ ಶಿಕ್ಷೆಗೆ ಏನು ಅರ್ಥ ಉಳಿಯಿತು?

ಇನ್ನು ಮುಚ್ಚಿದ ಲಕೋಟೆಯ ಸೊಗಸೇ ಬೇರೆ. ಮಲಯಾಳಂನ ಮೀಡಿಯಾ ಒನ್ ಚಾನೆಲ್ಲಿನ ಪರವಾನಗಿಯನ್ನು ಕೇಂದ್ರ ಸರ್ಕಾರ 2022ರಲ್ಲಿ ನವೀಕರಿಸಲಿಲ್ಲ. ಯಾಕೆ? ಭದ್ರತೆ. ಏನು ತಪ್ಪು ಮಾಡಿದ್ದಾರೆ? ಲಕೋಟೆಯಲ್ಲಿದೆ. ಅವರಿಗೆ ತೋರಿಸಿ? ಭದ್ರತೆ! ಜಡ್ಜ್ ಓದಬಹುದು, ಸರ್ಕಾರ ಓದಬಹುದು, ಆರೋಪ ಹೊತ್ತವನು ಮಾತ್ರ ಓದುವ ಹಾಗಿಲ್ಲ. ಏನು ಮಾಡಿದೆ ಅಂತ ಗೊತ್ತಿಲ್ಲದೆ, ಮಾಡಿಲ್ಲ ಅಂತ ವಾದಿಸಬೇಕು. ಕೇರಳ ಹೈಕೋರ್ಟ್ ಲಕೋಟೆ ನೋಡಿ ತಲೆಯಾಡಿಸಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಾತ್ರ ಒಪ್ಪಲಿಲ್ಲ. ಭದ್ರತೆಯ ವಾದವನ್ನು ಬರೀ ಗಾಳಿಯಿಂದ ಹುಟ್ಟಿಸಲಾಗದು, ಸರ್ಕಾರವನ್ನು ಟೀಕಿಸುವುದು ದೇಶಕ್ಕೆ ಅಪಾಯವಲ್ಲ ಅಂದಿತು. ಗಾಳಿಯ ಪೂರೈಕೆ ಕಡಿಮೆಯಾದಂತೆ ಕಾಣುವುದಿಲ್ಲ.

ಇದೆಲ್ಲ ದೂರದ ಊರಿನ ಕಥೆ ಅಂದುಕೊಂಡಿರಾ? ನಮ್ಮ ಬೀದರ್ ಏನು ಕಡಿಮೆ! 2020ರ ಜನವರಿಯಲ್ಲಿ ಅಲ್ಲಿನ ಒಂದು ಶಾಲೆಯ ಚಿಕ್ಕ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ದೇಶದ್ರೋಹದ ಕೇಸ್ ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಜೈಲಿಗೆ ಹೋದರು. ಪೊಲೀಸರು ಯೂನಿಫಾರ್ಮಿನಲ್ಲಿ ಶಾಲೆಗೆ ಬಂದು ಯೂನಿಫಾರ್ಮಿನ ಮಕ್ಕಳನ್ನು ಎದುರು ಕೂರಿಸಿಕೊಂಡರು. ಡೈಲಾಗ್ ಯಾರು ಬರೆದಿದ್ದು ಪುಟ್ಟಾ? ಯಾರು ಹೇಳಿಕೊಟ್ಟಿದ್ದು? 2023ರ ಜೂನ್‌ನಲ್ಲಿ ನಮ್ಮ ಹೈಕೋರ್ಟ್ ಕೇಸನ್ನೇ ರದ್ದು ಮಾಡಿತು. ಹಳೇ ದೇಶದ್ರೋಹದ ಕಲಂ ಹೋಗಿ, 2024ರ ಜುಲೈಯಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಬಂದಿದೆ. ಶಿಕ್ಷೆ ಈಗಲೂ ಜೀವಾವಧಿಯವರೆಗೆ ಹೋಗಬಹುದು.

ಅದಕ್ಕೇ ಮೇಷ್ಟ್ರೇ, ಈ ಸಲದ ವಾರ್ಷಿಕೋತ್ಸವಕ್ಕೆ ಹಸು-ಹುಲಿಯ ಕಥೆ ಆಡಿಸಿಬಿಡಿ. ಯಾರಿಗೂ ತೊಂದರೆ ಇಲ್ಲ. ಆದರೆ ಹುಲಿ ಅಂದರೆ ಯಾರು ಅಂತ ಯಾರಾದರೂ ಬಂದು ಕೇಳಿದರೆ, ಹುಲಿ ಅಂದರೆ ಹುಲಿಯೇ ಸಾರ್ ಅನ್ನಿ. ಮಕ್ಕಳಿಗೂ ಹಾಗೇ ಬಾಯಿಪಾಠ ಮಾಡಿಸಿಡಿ.