ಸಂಬಳ ಜಾಸ್ತಿ ಮಾಡಿ, ಆದರೆ ನೀವೇ ಬರೆದುಕೊಳ್ಳಬೇಡಿ

ಶಾಸಕರಿಗೆ ತಿಂಗಳಿಗೆ 80,000 ರೂಪಾಯಿ ಮೂಲ ಸಂಬಳ ತೀರಾ ಜಾಸ್ತಿ ಅಂತ ನನಗೆ ಅನಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಡೀ ಮಾತು ಆ ಕಡೆಗೇ ಜಾರುತ್ತದೆ. ನನ್ನ ತಕರಾರಿರುವುದು ಆ 80,000 ಪಾಸಾದ ರೀತಿಯ ಮೇಲೆ.

2025ರ ಮಾರ್ಚ್ 21 ನೆನಪಿದೆಯಾ? ರಾಜಕಾರಣಿಗಳನ್ನು ಹೆಣ್ಣಿನ ಬಲೆಗೆ ಕೆಡವುವ ಯತ್ನ ನಡೆದಿದೆ ಅನ್ನುವ ಆರೋಪಕ್ಕೆ, ಅಂದರೆ ಹನಿಟ್ರ್ಯಾಪ್ ವಿಷಯಕ್ಕೆ, ವಿಧಾನಸಭೆಯಲ್ಲಿ ಗಲಾಟೆ ನಡೆದ ದಿನ. ಬಿಜೆಪಿ ಶಾಸಕರು ಸ್ಪೀಕರ್ ಪೀಠದ ಹತ್ತಿರ ನುಗ್ಗಿ ಕಾಗದ ಹರಿದು ಎಸೆದರು. 18 ಜನ ಆರು ತಿಂಗಳಿಗೆ ಅಮಾನತಾದರು. ಟಿವಿಯಲ್ಲಿ ನಾವೆಲ್ಲ ನೋಡಿದ್ದು ಅದನ್ನೇ. ಅದೇ ದಿನ, ಅದೇ ಗದ್ದಲದ ನಡುವೆ, ಸಂಬಳದ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಶಾಸಕರ ಸಂಬಳ 40,000ದಿಂದ 80,000. ಸಚಿವರದ್ದು 60,000ದಿಂದ 1.25 ಲಕ್ಷ. ಮುಖ್ಯಮಂತ್ರಿಯದ್ದು 75,000ದಿಂದ 1.5 ಲಕ್ಷ.

ಇವನು ಕಾಂಗ್ರೆಸ್ ಬೈಯಲು ಕೂತಿದ್ದಾನೆ ಅಂದುಕೊಂಡವರು ಮೂರು ವರ್ಷ ಹಿಂದಕ್ಕೆ ಹೋಗಿ. 2022ರ ಫೆಬ್ರುವರಿ. ನಮ್ಮ ಶಿಗ್ಗಾಂವಿಯ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ. ಆಗ ಸದನದಲ್ಲಿ ಧರಣಿ ಕೂತಿದ್ದವರು ಕಾಂಗ್ರೆಸ್‌ನವರು, ರಾಷ್ಟ್ರಧ್ವಜದ ಬಗ್ಗೆ ಆಗಿನ ಸಚಿವ ಈಶ್ವರಪ್ಪನವರು ಆಡಿದ ಮಾತಿಗಾಗಿ. ಆವತ್ತೂ ಗದ್ದಲ, ಆವತ್ತೂ ಚರ್ಚೆಯಿಲ್ಲ, ಶಾಸಕರ ಸಂಬಳ 25,000ದಿಂದ 40,000. ಆಡಳಿತ ಪಕ್ಷ ಬದಲಾಯಿತು, ಧರಣಿಗೆ ಸದನದ ಬಾವಿಗಿಳಿಯುವವರು ಬದಲಾದರು, ಈ ಮಸೂದೆ ಪಾಸಾಗುವ ಪದ್ಧತಿ ಮಾತ್ರ ಹಾಗೇ ಉಳಿಯಿತು. ಉಳಿದೆಲ್ಲದಕ್ಕೂ ಕಚ್ಚಾಡುವವರು ಇಲ್ಲಿ ಮಾತ್ರ ಅಣ್ಣತಮ್ಮಂದಿರು. ತಮ್ಮ ಎಲೆಗೆ ತಾವೇ ತುಪ್ಪ ಬಡಿಸಿಕೊಳ್ಳುವಾಗ ಪಂಕ್ತಿಯಲ್ಲಿ ಜಗಳ ಆಗುವುದಿಲ್ಲ, ಅಲ್ವಾ?

ಉಳಿದವರ ಪಗಾರ ಹೇಗೆ ಏರುತ್ತದೆ ನೋಡಿ. ಸರ್ಕಾರಿ ನೌಕರರಿಗೆ ಆಯೋಗ ಬೇಕು. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗ ರಚನೆಯಾಗಿದ್ದು 2022ರ ನವೆಂಬರ್‌ನಲ್ಲಿ, ವರದಿ ಬಂದಿದ್ದು 2024ರ ಮಾರ್ಚ್‌ನಲ್ಲಿ, ಜಾರಿಯಾಗಿದ್ದು ಆ ವರ್ಷದ ಆಗಸ್ಟ್ 1ಕ್ಕೆ. ಸಾರಿಗೆ ನೌಕರರ ಕಥೆ ಇನ್ನೂ ಕಷ್ಟದ್ದು. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವುದು ನಮ್ಮ ಹುಬ್ಬಳ್ಳಿ ಗೋಕುಲ ರಸ್ತೆಯಲ್ಲೇ. ಇಲ್ಲಿನ ಚಾಲಕರು, ನಿರ್ವಾಹಕರು ರಾಜ್ಯದ ಉಳಿದವರ ಜೊತೆ 2025ರ ಆಗಸ್ಟ್ 5ರಂದು ಮುಷ್ಕರಕ್ಕಿಳಿದರು. ಹೊಸ ಸಂಬಳದ ಜೊತೆ ಅವರು ಕೇಳಿದ್ದು 38 ತಿಂಗಳ ಹಿಂಬಾಕಿ. ಅವರಿಗೆ ಖಜಾನೆಯ ಸ್ಥಿತಿ ವಿವರಿಸುತ್ತಾರೆ, ಕೋರ್ಟು ತೋರಿಸುತ್ತಾರೆ, ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ನೆನಪಿಸುತ್ತಾರೆ. ಶಾಸಕರ ಮಸೂದೆ ಬಂದ ದಿನ ಖಜಾನೆಯ ಮಾತನ್ನು ಯಾರಾದರೂ ಕೂತು ಚರ್ಚಿಸಿದರಾ?

ಇನ್ನು ಗ್ರಾಮ ಪಂಚಾಯಿತಿ. 2022ರಲ್ಲಿ ಅಲ್ಲಿಯೂ ಗೌರವಧನ ಏರಿತು: ಅಧ್ಯಕ್ಷರಿಗೆ ತಿಂಗಳಿಗೆ 6,000, ಉಪಾಧ್ಯಕ್ಷರಿಗೆ 4,000, ಸದಸ್ಯರಿಗೆ 2,000. ಅದೂ ಏರಿದ ಮೇಲೆ! ರೋಣದ ಕಡೆಯೋ ಹಾನಗಲ್ ಕಡೆಯೋ ಒಬ್ಬ ಸದಸ್ಯೆ ಪಂಚಾಯಿತಿ ಸಭೆ, ತಾಲೂಕು ಕಚೇರಿ ಅಂತ ಓಡಾಡಿದರೆ ಆ ದಿನಗಳ ಕೂಲಿ ಹೋಯಿತು. ಮನೆ ಬಿದ್ದರೆ, ನೀರು ಬರದಿದ್ದರೆ, ಉದ್ಯೋಗ ಖಾತ್ರಿ ಕೂಲಿ ನಿಂತರೆ ಜನ ಮೊದಲು ಹೋಗಿ ಬಾಗಿಲು ತಟ್ಟುವುದು ಇವರ ಮನೆಯದ್ದೇ. ಇವರೂ ಮತ ಪಡೆದು ಗೆದ್ದವರೇ ತಾನೆ? ಆದರೆ ಇವರ ಕೈಯಲ್ಲಿ ಮಸೂದೆ ಇಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಚುನಾಯಿತರ ಸಂಬಳವನ್ನು ಸ್ವತಂತ್ರ ಆಯೋಗ ಗೊತ್ತುಮಾಡಲಿ, ಲೆಕ್ಕವನ್ನು ಕೆಳಗಿನಿಂದ ಶುರುಮಾಡಲಿ. ಗ್ರಾಮ ಪಂಚಾಯಿತಿ ಸದಸ್ಯ, ನಮ್ಮ ಹುಬ್ಬಳ್ಳಿ-ಧಾರವಾಡ ಪಾಲಿಕೆಯ 82 ವಾರ್ಡಿನ ಸದಸ್ಯರು, ಆಮೇಲೆ ಶಾಸಕರು, ಸಚಿವರು. ಒಂದೇ ವರದಿ. ಕ್ಷೇತ್ರ ಭತ್ಯೆ, ಪ್ರಯಾಣ ಭತ್ಯೆ, ಫೋನ್, ಪಿಂಚಣಿ ಎಲ್ಲ ಅದರೊಳಗೇ ಬರಲಿ. ಸಂಬಳ ಕಡಿಮೆ ತೋರಿಸಿ ಭತ್ಯೆಯಲ್ಲಿ ತುಂಬಿಸಿಕೊಳ್ಳುವ ಆಟ ನಿಲ್ಲಬೇಕು.

ಇದು ಕಾನೂನಿಗೆ ಕೂಡಿಬರುವುದಿಲ್ಲ ಅನ್ನುವವರಿದ್ದಾರೆ. ಸಂವಿಧಾನದ 195ನೇ ವಿಧಿ ಶಾಸಕರ ಸಂಬಳವನ್ನು ಸದನ ಕಾನೂನಿನ ಮೂಲಕ ಗೊತ್ತುಮಾಡಬೇಕು ಅನ್ನುತ್ತದೆ, ನಿಜ. ಸಂಸದರಿಗೂ ಅಂಥದ್ದೇ ವಿಧಿ ಇದೆ, 106ನೇದು. ಆದರೂ 2018ರಲ್ಲಿ ಅವರು ತಮ್ಮ ಸಂಬಳವನ್ನು ಬೆಲೆ ಏರಿಕೆಯ ಸೂಚ್ಯಂಕಕ್ಕೆ ಕಟ್ಟಿದರು. 2025ರಲ್ಲಿ 1 ಲಕ್ಷ ಇದ್ದದ್ದು 1.24 ಲಕ್ಷ ಆಗಿದ್ದು ಅದೇ ಲೆಕ್ಕದಲ್ಲಿ, ಹೊಸದಾಗಿ ಮತ ಹಾಕಿ ಅಲ್ಲ. ಸೂಚ್ಯಂಕಕ್ಕೆ ಬಿಟ್ಟುಕೊಡಲು ಬರುತ್ತದೆ ಅಂದರೆ ಆಯೋಗಕ್ಕೂ ಬರುತ್ತದೆ. ಸೂಚ್ಯಂಕ ಒಂದೇ ಸಾಲದು, ಅದು ಬೆಲೆ ಅಳೆಯುತ್ತದೆ, ಕೆಲಸ ಅಳೆಯುವುದಿಲ್ಲ.

ಆಯೋಗದಲ್ಲಿ ಯಾರಿರಬೇಕು? ನಿವೃತ್ತ ಕಾರ್ಯದರ್ಶಿಗಳೇ ತುಂಬಿಕೊಂಡರೆ ನನಗೆ ಸಮಾಧಾನ ಇಲ್ಲ, ಅವರೂ ಅದೇ ಕಾರಿಡಾರಿನವರು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1980ರ ದಶಕದಿಂದ ಇಂಥ ಆಯೋಗ ಇದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಮತದಾರರ ಪಟ್ಟಿಯಿಂದ ಲಾಟರಿ ಎತ್ತಿ ಆರಿಸುತ್ತಾರೆ. ನಮ್ಮಲ್ಲೂ ದುರ್ಗದಬೈಲಿನ ಒಬ್ಬ ವ್ಯಾಪಾರಿ, ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ರೈತ ಆ ಮೇಜಿನ ಮುಂದೆ ಕೂತು "ಸಾಹೇಬ್ರ, ಈ ಭತ್ಯೆ ಯಾಕ್ರೀ?" ಅಂತ ಕೇಳಿದರೆ ಏನು ತಪ್ಪು?

ಆಯೋಗ ಅಂದರೆ ಸಂಬಳ ಇಳಿಯುತ್ತದೆ ಅಂತ ಖುಷಿಪಡುವವರು ಸ್ವಲ್ಪ ತಾಳಿ. ಬ್ರಿಟನ್‌ನಲ್ಲಿ ಸಂಸದರ ಖರ್ಚಿನ ಹಗರಣ ಆದ ಮೇಲೆ 2009ರಲ್ಲಿ ಸ್ವತಂತ್ರ ಪ್ರಾಧಿಕಾರ ಬಂತು. ಅದೇ ಪ್ರಾಧಿಕಾರ 2015ರಲ್ಲಿ ಸಂಸದರ ಸಂಬಳವನ್ನು ಸುಮಾರು 67,000 ಪೌಂಡ್‌ನಿಂದ 74,000ಕ್ಕೆ ಏರಿಸಿತು. ಪ್ರಧಾನಿ ಕ್ಯಾಮರಾನ್ ಸೇರಿ ಹಲವರು ಬೇಡ ಅಂದರೂ ನಿಲ್ಲಲಿಲ್ಲ. ನಮ್ಮ ಆಯೋಗವೂ 80,000 ಸಾಲದು ಅನ್ನಬಹುದು. ಅನ್ನಲಿ. ಕಾರಣ ಬರೆದು ಎಲ್ಲರ ಮುಂದಿಟ್ಟರೆ ನಾನು ಒಪ್ಪುತ್ತೇನೆ. ಈಗ ಗೆದ್ದಿರುವ ಬಹುತೇಕರು ಅವರದೇ ಅಫಿಡವಿಟ್ ಪ್ರಕಾರ ಕೋಟ್ಯಧಿಪತಿಗಳು. ಕಾಲೇಜು, ಕಾರ್ಖಾನೆ, ಲೇಔಟ್ ಯಾವುದೂ ಇಲ್ಲದ ಒಬ್ಬ ಮೇಷ್ಟ್ರು ಗೆದ್ದು ಬಂದರೆ ಅವರ ಸಂಸಾರ ಸಂಬಳದಲ್ಲೇ ನಡೆಯಬೇಕಲ್ಲ.

ಸಂಬಳದ ಮಸೂದೆಗಳು ಪಾಸಾದ 2025ರಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರ ಖಾತೆ ಇದ್ದದ್ದು ಗದಗಿನ ಎಚ್.ಕೆ. ಪಾಟೀಲರ ಕೈಯಲ್ಲಿ. 1905ರಲ್ಲಿ ದೇಶದ ಮೊದಲ ಸಹಕಾರಿ ಸಂಘಗಳಲ್ಲೊಂದು ಹುಟ್ಟಿದ ಕಣಗಿನಹಾಳ ಅವರದೇ ಜಿಲ್ಲೆ. ಹಳ್ಳಿಯ ಸೊಸೈಟಿ ನಿರ್ದೇಶಕರು ಸಭಾ ಭತ್ಯೆಯನ್ನು ಮನಸ್ಸಿಗೆ ಬಂದಂತೆ ಬರೆದುಕೊಂಡರೆ ಆಡಿಟ್‌ನಲ್ಲಿ ಸಿಗುತ್ತಾರೆ, ವಾರ್ಷಿಕ ಸಭೆಯಲ್ಲಿ ಸದಸ್ಯರು ಎದ್ದು ನಿಂತು ಕೇಳುತ್ತಾರೆ. ಇದು ಪಾಟೀಲರಿಗೆ ಗೊತ್ತಿಲ್ಲದ್ದೇನಲ್ಲ.

ಇನ್ನೊಂದು ಷರತ್ತು ಸೇರಿಸಿ. ಆಯೋಗ ಹೇಳಿದ ಹೊಸ ಸಂಬಳ ಈಗಿನವರಿಗೆ ಬೇಡ, ಮುಂದಿನ ಸದನಕ್ಕೆ ಇರಲಿ. ವಿಧಾನಸಭೆ ಚುನಾವಣೆ 2028ರಲ್ಲಿ. ಯಾರು ಗೆಲ್ಲುತ್ತಾರೆ, ಯಾರಿಗೆ ಟಿಕೆಟ್ ತಪ್ಪುತ್ತದೆ ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ಆಯೋಗದ ಕಾನೂನು ಮಾಡಲು ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ.