ಹಳದಿಯಾದ ತುಂಡನ್ನು ಬಿಸಾಕಬೇಡಿ

ಈ ಸಲ ಬೆಂಗಳೂರಿಗೆ ಬಂದಾಗ ಪರಿಚಯದ ಹುಡುಗನೊಬ್ಬ ತನ್ನ ಲ್ಯಾಬಿಗೆ ಕರೆದುಕೊಂಡು ಹೋದ. ಬಾಹ್ಯಾಕಾಶದ ವಿಕಿರಣ ತಡೆದುಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮಾಡುತ್ತಿದ್ದಾರೆ. ಅಮೆರಿಕದ ಓಹಾಯೋದಲ್ಲಿ ನನ್ನದೂ ಅದೇ ಕೆಲಸ. ನೀರಿನಷ್ಟು ತಿಳಿಯಾದ ಹಾಳೆ ತೋರಿಸಿದ. ತುಂಬಾ ಖುಷಿಯಾಯಿತು. "ಹಾಳಾದದ್ದೂ ತೋರಿಸಪ್ಪ" ಅಂದೆ.

"ಅವು ಫೇಲ್ ಆದವು ಸಾರ್, ಬಿಸಾಕಿದ್ವಿ."

ಮನಸ್ಸಿಗೆ ಚುಚ್ಚಿತು. ಅಮ್ಮ ಹಾಲಿನ ಕವರನ್ನೂ ತೊಳೆದು, ಒಣಗಿಸಿ, ಮಡಚಿ ಇಡುವ ಊರು ಇದು, ಅಲ್ವಾ?

ನಮ್ಮ ಕೆಲಸದಲ್ಲಿ ಪಾಠ ಇರುವುದೇ ಹಾಳಾದ ತುಂಡಿನಲ್ಲಿ. ನೇರಳಾತೀತ ಕಿರಣ, ಎಲೆಕ್ಟ್ರಾನ್ ಬಡಿದು ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿ ತುಂಡಾಗುತ್ತದೆ. ಅಲ್ಲಿ ನೀಲಿ ಬೆಳಕನ್ನು ನುಂಗುವ ಹೊಸ ಜೋಡಣೆ ಹುಟ್ಟುತ್ತದೆ. ಅದಕ್ಕೇ ಹಾಳೆ ಹಳದಿಯಾಗುವುದು. ಸೋಲಾರ್ ಸೆಲ್ಲಿಗೆ ಹೊದಿಸಿದ್ದರೆ ಅಷ್ಟು ಬೆಳಕು ನಷ್ಟ. ಎಷ್ಟು ದಿನಕ್ಕೆ ಎಷ್ಟು ಹಳದಿಯಾಯಿತು ಅಂತ ನೋಡದೆ ಮುಂದಿನ ಹಾಳೆ ಮಾಡುವುದು ಹೇಗೆ?

ಅಲ್ಲಿ ನಮ್ಮ ಲ್ಯಾಬಿನಲ್ಲಿ ಬಿರುಕು ಬಿಟ್ಟ ತುಂಡಿಗೂ ಒಂದು ಕವರು, ಚೀಟಿ, ತಾರೀಖು. 1984ರಲ್ಲಿ ನಾಸಾ ಎಲ್‌ಡಿಇಎಫ್ ಎಂಬ ಉಪಗ್ರಹಕ್ಕೆ ನಾನಾ ವಸ್ತುಗಳ ತುಂಡು ಕಟ್ಟಿ ಕಳಿಸಿತ್ತು. ಸುಮಾರು ಒಂದು ವರ್ಷಕ್ಕೆ ವಾಪಸ್ ತರಬೇಕಿತ್ತು. ತಂದದ್ದು 1990ರಲ್ಲಿ. ಕೆಲವು ತೆಳು ಹಾಳೆಗಳು ಪೂರ್ತಿ ಸವೆದೇ ಹೋಗಿದ್ದವು. ಅದನ್ನೂ ಅಳೆದು ಬರೆದಿಟ್ಟರು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಆಮ್ಲಜನಕದ ಪರಮಾಣುಗಳು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಹೊನ್ನಿನ ಬಣ್ಣದ ಕ್ಯಾಪ್ಟಾನ್ (Kapton) ಎಂಬ ಪ್ಲಾಸ್ಟಿಕ್ ಹಾಳೆ ಎಷ್ಟು ಸವೆಯಿತು ಅನ್ನುವುದೇ ಈಗ ಈ ಕೆಲಸದಲ್ಲಿ ಅಳತೆಗೋಲು. ಸವೆದ ಹಾಳೆಗೆ ಅಷ್ಟು ಮರ್ಯಾದೆ!

ನಮ್ಮಲ್ಲಿ ಫೇಲ್ ಅಂದರೆ ಮುಚ್ಚಿಡುವ ಮಾತು. ಎಸ್ಸೆಸ್ಸೆಲ್ಸಿಯಿಂದಲೇ ಅಂಟಿದ ಭಯ ಇದು. ನನಗೂ ಇತ್ತು. ಹೊರಗೆ ಹೋದ ಮೇಲೂ ಬಿಡೋಕೆ ವರ್ಷಗಳೇ ಬೇಕಾದವು.

ಹಾಗಂತ ಆ ಹುಡುಗನನ್ನೇ ದೂರಿದರೆ ತಪ್ಪಾಗುತ್ತದೆ. ಅಲ್ಲಿ ಹಾಳು ಮಾಡಿ ನೋಡುವುದಕ್ಕೂ ದುಡ್ಡು ಸಿಗುತ್ತದೆ. ಇವನು ವಿಕಿರಣದ ಯಂತ್ರಕ್ಕೆ ತಿಂಗಳುಗಟ್ಟಲೆ ಸರದಿ ಕಾಯುತ್ತಾನೆ. ಕೆಟ್ಟರೆ ಯಾಕೆ ಕೆಟ್ಟಿತು ಅಂತ ಯಾರೂ ಕೇಳುವುದಿಲ್ಲ, ದುಡ್ಡು ಯಾಕೆ ಹೋಯಿತು ಅಂತ ಕೇಳುತ್ತಾರೆ. 1975ರಲ್ಲಿ ಹಾರಿದ ಆರ್ಯಭಟವನ್ನು ಕಟ್ಟಿದ್ದು ಇದೇ ಊರಿನ ಪೀಣ್ಯದ ಶೆಡ್ಡುಗಳಲ್ಲಿ. ಅನುಕೂಲ ಕಮ್ಮಿ ಇದ್ದಾಗಲೂ ಇಲ್ಲಿ ಕೆಲಸ ನಿಂತಿಲ್ಲ, ನಿಜ.

ಮೊನ್ನೆ ರಾತ್ರಿ ಅವನೇ ಫೋನ್ ಮಾಡಿದ. ಡ್ರಾಯರ್ ಮೂಲೆಯಲ್ಲಿ ಎರಡು ಹಳದಿ ತುಂಡು ಸಿಕ್ಕಿವೆಯಂತೆ. ತಾರೀಖು ನೆನಪಿಲ್ಲ ಅಂದ. ತಿಂಗಳಾದರೂ ಬರೆದು ಕವರಿಗೆ ಹಾಕಿಡು ಅಂದಿದ್ದೇನೆ.